ತೆರೆಯ ಪಾಠವೂ ವೈದ್ಯ ವಿದ್ಯಾರ್ಥಿಯ ಮನಸ್ಸೂ

ವೈದ್ಯವಿದ್ಯೆಯು ಕೇವಲ ಕಿವಿಯಿಂದ ಬರುವ ವಿದ್ಯೆಯಲ್ಲವೆಂಬುದು ನಮ್ಮ ದೇಶದವರಿಗೆ ಹೊಸ ಮಾತಲ್ಲ. ಗ್ರಂಥವನ್ನೆಲ್ಲ ಕಂಠಪಾಠ ಮಾಡಿದ ಶಿಷ್ಯನೂ ಕೈಯ ಅಭ್ಯಾಸವಾಗದ ಹೊರತು ಚಿಕಿತ್ಸೆಗೆ ಯೋಗ್ಯನಲ್ಲವೆಂದು ಸುಶ್ರುತ ಸಂಹಿತೆಯು ಗೊತ್ತುಮಾಡಿದೆ. ಕುಂಬಳ, ಸೋರೆ, ಸೌತೆ ಮೊದಲಾದ ಕಾಯಿಗಳ ಮೇಲೆ ಕೊಯ್ಯುವುದನ್ನು ಕಲಿಯಬೇಕು. ನೀರು ತುಂಬಿದ ಚರ್ಮದ ಚೀಲದ ಮೇಲೆ ಸೀಳುವುದನ್ನು ಕಲಿಯಬೇಕು. ನೈದಿಲೆಯ ದಂಟಿನ ಮೇಲೆ ಚುಚ್ಚುವುದನ್ನು ಕಲಿಯಬೇಕು. ಹರಿಯುವ ನೀರಿನಲ್ಲಿಟ್ಟು ಮೆದುವಾಗಿಸಿದ ಮೃತದೇಹವನ್ನು ಪದರ ಪದರವಾಗಿ ಬಿಡಿಸಿ ಒಳಗಿನ ಅಂಗಗಳನ್ನು ಕಣ್ಣಾರೆ ಕಾಣಬೇಕು. ಇದು ಅಲ್ಲಿಯ ವಿಧಿ. ಆಧುನಿಕ ವೈದ್ಯಶಾಸ್ತ್ರವು ಎಷ್ಟು ಮುಂದುವರಿದಿದ್ದರೂ ಈ ಮೂಲತತ್ತ್ವವನ್ನು ಬಿಟ್ಟುಕೊಟ್ಟಿಲ್ಲ. ಅದನ್ನು ಕೆಲಕಾಲ ಬಿಟ್ಟುಕೊಡಲೇಬೇಕಾದ ಪ್ರಸಂಗವು 2020ರಲ್ಲಿ ಒದಗಿತು. ಆಗ ವಿದ್ಯಾರ್ಥಿಯ ಕೈಗೆ ಆದ ನಷ್ಟವನ್ನು ಕುರಿತು ಹಲವರು ಮಾತನಾಡಿದ್ದಾರೆ; ಅವನ ಮನಸ್ಸಿಗೆ ಆದ ನಷ್ಟವನ್ನು ಕುರಿತು ಮಾತನಾಡಿದವರು ಕಡಿಮೆ. ಅದನ್ನೇ ಈ ದಿನ ನಮ್ಮ ವಾಚಕರ ಮುಂದೆ ಇಡಬಯಸುತ್ತೇವೆ.

ನಡೆದ ಸಂಗತಿಗಳನ್ನು ಮೊದಲು ಕ್ರಮವಾಗಿ ನೆನೆಯೋಣ. ಕೊರೋನಾ ವ್ಯಾಧಿಯು ಭಾರತದಲ್ಲಿ ಮೊಟ್ಟಮೊದಲು ಪತ್ತೆಯಾದದ್ದೇ, 2020ರ ಜನವರಿ 30ರಂದು, ಚೀನಾದ ವುಹಾನ್ ನಗರದಿಂದ ಕೇರಳಕ್ಕೆ ಮರಳಿದ್ದ ಒಬ್ಬ ವೈದ್ಯ ವಿದ್ಯಾರ್ಥಿನಿಯಲ್ಲಿ. ಮಾರ್ಚ್ ತಿಂಗಳಲ್ಲಿ ನಮ್ಮ ಕಲಬುರಗಿಯ ವೃದ್ಧರೊಬ್ಬರು ಈ ವ್ಯಾಧಿಗೆ ದೇಶದ ಮೊದಲ ಬಲಿಯಾದರು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ವೈದ್ಯಕೀಯ ಕಾಲೇಜುಗಳು, ದಂತವೈದ್ಯ ಕಾಲೇಜುಗಳು, ನರ್ಸಿಂಗ್ ಶಾಲೆಗಳು ಯಾವತ್ತೂ ಬರಿದಾದುವು. ಹಾಸ್ಟೆಲುಗಳಿಂದ ಮಕ್ಕಳು ಪೆಟ್ಟಿಗೆ ಕಟ್ಟಿಕೊಂಡು ಊರು ಸೇರಿದರು. ಕೆಲವೇ ವಾರಗಳೊಳಗೆ ಅಂಗರಚನಾಶಾಸ್ತ್ರದಿಂದ ಹಿಡಿದು ಹೆರಿಗೆಯ ಶಾಸ್ತ್ರದವರೆಗೆ ಎಲ್ಲ ಪಾಠವೂ ಅಂಗೈಯಗಲದ ಮೊಬೈಲಿನ ತೆರೆಗೆ ಇಳಿಯಿತು. ಡಿಸೆಂಬರ್ 1ರೊಳಗೆ ವೈದ್ಯಕೀಯ ಕಾಲೇಜುಗಳನ್ನು ತೆರೆಯಬೇಕೆಂದು ಕೇಂದ್ರ ಸರಕಾರದವರು ಸೂಚಿಸುವ ಹೊತ್ತಿಗೆ ಎಂಟು ತಿಂಗಳು ಕಳೆದಿದ್ದುವು. ತೆರೆದ ಬಾಗಿಲು 2021ರ ಎರಡನೆಯ ಅಲೆಯಲ್ಲಿ ಪುನಃ ಮುಚ್ಚಿತು.

ಇದರಲ್ಲಿ ಒಂದು ವಿಧಿವಿಲಾಸವುಂಟು. ವೈದ್ಯಶಿಕ್ಷಣವು ಪುಸ್ತಕದಲ್ಲಿಯೇ ಮುಳುಗಿಹೋಗುತ್ತಲಿದೆಯೆಂದು ಕಂಡು, ಮೊದಲ ವರ್ಷದಿಂದಲೇ ವಿದ್ಯಾರ್ಥಿಯನ್ನು ರೋಗಿಯ ಬಳಿಗೆ ಕರೆದೊಯ್ಯಬೇಕು, ರೋಗಿಯೊಡನೆ ಮಾತನಾಡುವ ಬಗೆಯನ್ನೂ ನಡವಳಿಕೆಯನ್ನೂ ಕ್ರಮವಾಗಿ ಕಲಿಸಬೇಕು ಎಂಬ ಹೊಸ ಪಠ್ಯಕ್ರಮವು 2019ರಲ್ಲಿ ಜಾರಿಗೆ ಬಂದಿತ್ತು. ಆ ಕ್ರಮದಲ್ಲಿ ಸೇರಿದ ಮೊದಲನೆಯ ತಂಡವು ಒಂದು ವರ್ಷವನ್ನು ಪೂರೈಸುವ ಮೊದಲೇ ರೋಗಿಯಿಂದಲೂ ಗುರುವಿನಿಂದಲೂ ದೂರವಾಗಿ ಮನೆಯ ಮೂಲೆಯಲ್ಲಿ ಕುಳಿತುಕೊಳ್ಳಬೇಕಾಯಿತು.

ನಾವು ಯಂತ್ರದ ದ್ವೇಷಿಗಳಲ್ಲ. ಆ ದಿನಗಳಲ್ಲಿ ಆನ್‌ಲೈನ್ ತರಗತಿಯಿಲ್ಲದೆ ಹೋಗಿದ್ದರೆ ಪಾಠವೆಂಬುದೇ ಇಲ್ಲದೆ ಹೋಗುತ್ತಿತ್ತು. ಒಂದು ಸಲ ಕೇಳಿ ತಿಳಿಯದ ಉಪನ್ಯಾಸವನ್ನು ಎರಡನೆಯ ಸಲ ಕೇಳುವ ಸೌಕರ್ಯವು ಅದರಿಂದ ದೊರೆಯಿತು. ದೂರದ ಊರಿನ ತಜ್ಞರ ಮಾತು ಸಣ್ಣ ಕಾಲೇಜಿನ ಹುಡುಗನಿಗೂ ಮುಟ್ಟಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ವ್ಯಾಧಿಯು ಬರುವುದಕ್ಕೆ ಮೊದಲೇ, 2018ರಲ್ಲಿ, ಡಿಜಿಟಲ್ ಅಕಾಡೆಮಿಯೊಂದನ್ನು ಆರಂಭಿಸಿ, ದೂರದೂರುಗಳ ಡಾಕ್ಟರುಗಳಿಗೂ ಇತರ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಚಿಕಿತ್ಸೆಯ ಪಾಠವನ್ನು ತೆರೆಯ ಮೂಲಕವೇ ಹೇಳಿಕೊಡುತ್ತ ಬಂದಿದ್ದಾರೆ. ಇದು ಶ್ಲಾಘ್ಯವಾದ ಕೆಲಸ. ಆದರೆ ಭೇದವನ್ನು ಗಮನಿಸಬೇಕು. ರೋಗಿಗಳನ್ನು ಕಂಡು ಕೈ ಪಳಗಿದ ಡಾಕ್ಟರಿಗೆ ತೆರೆಯು ಹೊಸ ತಿಳಿವನ್ನು ಕೂಡಿಸುತ್ತದೆ. ರೋಗಿಯನ್ನೇ ಕಾಣದ ಹದಿನೆಂಟು ವರ್ಷದ ಹುಡುಗನಿಗೆ ಅದು ಅಡಿಪಾಯವಾಗಲಾರದು.

ತೆರೆಯು ಯಾವುದನ್ನು ಹೊತ್ತು ತರಲಾರದೆ ಹೋಯಿತು? ಊದಿದ ಗುಲ್ಮವು ಬೆರಳಿಗೆ ತಗಲುವ ಬಗೆಯನ್ನು ತರಲಿಲ್ಲ. ಹೃದಯದ ಮರ್ಮರವನ್ನು ಕಿವಿಗೆ ಹಿಡಿದು ತೋರಿಸಲಿಲ್ಲ. ನೋವಿನಿಂದ ಮುಲುಗುವ ಮುದುಕಿಯನ್ನು ಮಗ್ಗುಲು ಹೊರಳಿಸುವ ನಯವನ್ನು ನರ್ಸಿಂಗ್ ವಿದ್ಯಾರ್ಥಿನಿಗೆ ಕಲಿಸಲಿಲ್ಲ. ಅದಾದರೂ ಎಲ್ಲರಿಗೂ ಸಮನಾಗಿ ದೊರೆಯಿತೆ? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮಗಳಲ್ಲಿ ಅಂತರ್ಜಾಲದ ಸೌಕರ್ಯವಿದ್ದ ಮನೆಗಳು ನೂರಕ್ಕೆ 15 ಮಾತ್ರ, ನಗರಗಳಲ್ಲಿಯೂ 42. ಕಂಪ್ಯೂಟರು ಇದ್ದ ಗ್ರಾಮದ ಮನೆಗಳು ನೂರಕ್ಕೆ ಐದೂ ಇರಲಿಲ್ಲ. ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದುಕೊಂಡು ಪಾಠ ಕೇಳಿದ ವರ್ತಮಾನವನ್ನು ಆ ವರ್ಷ ಎಲ್ಲ ಪತ್ರಿಕೆಗಳೂ ಪ್ರಕಟಿಸಿದುವು. ಗುಡ್ಡದ ಮೇಲೆ ಕುಳಿತ ಆ ಮಗುವಿಗೂ ನಗರದ ಮಹಡಿಯ ಮನೆಯ ಮಗುವಿಗೂ ಪರೀಕ್ಷೆ ಮಾತ್ರ ಒಂದೇ.

ಇನ್ನು ಮನಸ್ಸಿನ ಮಾತು. ವೈದ್ಯಶಾಸ್ತ್ರದಲ್ಲಿ ನಮಗೆ ಪರಿಶ್ರಮವಿಲ್ಲ. ಆದರೆ ಮನುಷ್ಯ ಸ್ವಭಾವವನ್ನು ಅರಿಯಲು ಅಷ್ಟು ಪರಿಶ್ರಮ ಬೇಕಾಗುವುದಿಲ್ಲ. ಒಟ್ಟಿಗೆ ಕುಳಿತು ಓದುವ ನೂರು ಮಂದಿಯಲ್ಲಿ ಪ್ರತಿಯೊಬ್ಬನೂ ಪಕ್ಕದವನಿಗೂ ಪಾಠ ತಿಳಿದಿಲ್ಲವೆಂಬುದನ್ನು ಕಂಡು ಸಮಾಧಾನ ಹೊಂದುತ್ತಾನೆ. ಏಕಾಂತದಲ್ಲಿ ಕುಳಿತವನಿಗೆ ಆ ಸಮಾಧಾನವಿಲ್ಲ; ಲೋಕಕ್ಕೆಲ್ಲ ತಿಳಿದದ್ದು ತನಗೊಬ್ಬನಿಗೆ ತಿಳಿಯದೆಂದು ಅವನು ಭಾವಿಸುತ್ತಾನೆ. ಅಧ್ಯಾಪಕರೋ, ಮುಖಗಳಿರಬೇಕಾದ ಕಡೆ ಕಪ್ಪು ಚೌಕಗಳನ್ನು ನೋಡುತ್ತ ಮಾತನಾಡಿದರು. ಯಾವ ಚೌಕದ ಹಿಂದೆ ಯಾರು ಅಳುತ್ತಿದ್ದಾರೆಂಬುದು ಅವರಿಗೆ ತಿಳಿಯುವುದಾದರೂ ಹೇಗೆ? ಹೊತ್ತಿಗೆ ಏಳುವುದು, ಹೊತ್ತಿಗೆ ಉಣ್ಣುವುದು, ನಡೆದು ತರಗತಿಗೆ ಹೋಗುವುದು ಎಂಬ ದಿನಚರಿಯು ಮುರಿಯಿತು. ರಾತ್ರಿ ಹಗಲಾಗಿ ನಿದ್ರೆ ಕೆಟ್ಟಿತು. ಮೊದಲ ಸಲ ಸಾವನ್ನು ಕಂಡ ದಿನ ಹಾಸ್ಟೆಲಿನ ಜಗಲಿಯ ಮೇಲೆ ಹಿರಿಯ ವಿದ್ಯಾರ್ಥಿಯೊಬ್ಬ ಹೆಗಲ ಮೇಲೆ ಕೈಯಿಟ್ಟು ಆಡುವ ಎರಡು ಮಾತು ಯಾವ ಪಠ್ಯಕ್ರಮದಲ್ಲಿಯೂ ಇಲ್ಲ. ಆದರೆ ಎಷ್ಟೋ ಡಾಕ್ಟರುಗಳನ್ನು ನಿಲ್ಲಿಸಿರುವುದು ಆ ಎರಡು ಮಾತೇ. ಅದು ತೆರೆಯಲ್ಲಿ ಹಾಯ್ದು ಬರಲಿಲ್ಲ.

ಅಷ್ಟೇ ಅಲ್ಲ. ಮನೆಯವರೂ ನೆರೆಯವರೂ ಈ ಮಕ್ಕಳನ್ನು ಆಗಲೇ ಡಾಕ್ಟರುಗಳೆಂದು ಎಣಿಸಿದರು. ಅಜ್ಜನಿಗೆ ಉಸಿರು ಕಟ್ಟಿದರೆ, ಅತ್ತೆಗೆ ಜ್ವರ ಏರಿದರೆ ಕೇಳುವುದು ಇವರನ್ನೇ. ಉತ್ತರ ತಿಳಿಯದೆ ಒಳಗೊಳಗೇ ಕುಗ್ಗಿದ ಎಳೆಯ ಮನಸ್ಸುಗಳನ್ನು ಎಣಿಸಿದವರಾರು? ಇಂತಹ ಸ್ಥಿತಿಯಲ್ಲಿ 2021ರ ಮೇ 3ರಂದು ಕೇಂದ್ರ ಸರಕಾರದವರು ಒಂದು ನಿರ್ಣಯವನ್ನು ಹೊರಡಿಸಿದರು. ಇಂಟರ್ನಿಗಳನ್ನು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕೋವಿಡ್ ಸೇವೆಗೆ ತೊಡಗಿಸಬಹುದೆಂದೂ, ಎಂ.ಬಿ.ಬಿ.ಎಸ್. ಕಡೆಯ ವರ್ಷದವರನ್ನು ದೂರದಿಂದ ಸಲಹೆ ಹೇಳುವುದಕ್ಕೂ ಲಘುವಾದ ರೋಗಿಗಳ ಮೇಲೆ ಕಣ್ಣಿಡುವುದಕ್ಕೂ ಬಳಸಬಹುದೆಂದೂ, ನರ್ಸಿಂಗ್ ಪದವೀಧರರನ್ನು ಪೂರ್ಣಕಾಲದ ಶುಶ್ರೂಷೆಗೆ ತೆಗೆದುಕೊಳ್ಳಬಹುದೆಂದೂ ಗೊತ್ತಾಯಿತು. ಆಪತ್ಕಾಲದಲ್ಲಿ ಅದು ಅನಿವಾರ್ಯವಾಗಿತ್ತು, ಮಕ್ಕಳು ಹಿಂಜರಿಯಲಿಲ್ಲ, ದೇಶವು ಅವರಿಗೆ ಋಣಿ. ಆದರೆ ತಿಂಗಳುಗಟ್ಟಲೆ ತೆರೆಯ ಮೇಲೆ ಮಾತ್ರ ರೋಗವನ್ನು ಕಂಡವರನ್ನು ಸಾವಿನ ಮಧ್ಯೆ ನಿಲ್ಲಿಸಿದ ಬಳಿಕ, ಅವರ ಮನಸ್ಸು ಏನಾಯಿತೆಂದು ವಿಚಾರಿಸುವ ಹೊಣೆಯೂ ದೇಶದ ಮೇಲೆ ಉಂಟಷ್ಟೆ?

ಪರದೇಶಗಳಲ್ಲಿ ಓದುತ್ತಿದ್ದ ನಮ್ಮ ಮಕ್ಕಳ ಕಷ್ಟವು ಇದಕ್ಕಿಂತಲೂ ಘೋರ. ಚೀನಾದ ವಿದ್ಯಾಲಯಗಳಲ್ಲಿ ಹೆಸರು ಬರೆಯಿಸಿದ್ದ ಭಾರತೀಯರು 23,000ಕ್ಕೂ ಮೀರಿ ಇದ್ದರು. ಬಹುಮಂದಿ ವೈದ್ಯ ವಿದ್ಯಾರ್ಥಿಗಳು. 2020ರಲ್ಲಿ ಮುಚ್ಚಿದ ಆ ದೇಶದ ಬಾಗಿಲು ಅವರಿಗೆ ಪುನಃ ತೆರೆಯಲಾರಂಭಿಸಿದ್ದು 2022ರ ಆಗಸ್ಟಿನಲ್ಲಿ. ಎರಡು ವರ್ಷಕ್ಕೂ ಮಿಕ್ಕಿ ಅವರು ಊರಿನಲ್ಲಿ ಕುಳಿತು ತೆರೆಯನ್ನೇ ಗುರುವೆಂದು ನಂಬಿದ್ದರು. ಅಷ್ಟರಲ್ಲಿ, 2022ರ ಫೆಬ್ರವರಿಯಲ್ಲಿ, ಕೇವಲ ಆನ್‌ಲೈನಿನಲ್ಲಿ ಕಲಿತ ವೈದ್ಯವಿದ್ಯೆಯನ್ನು ತಾವು ಮಾನ್ಯ ಮಾಡುವುದಿಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದವರು ಎಚ್ಚರಿಸಿದರು. ಆಯೋಗದವರ ಮಾತು ತತ್ತ್ವದಲ್ಲಿ ಸರಿ. ರೋಗಿಯ ರಕ್ಷಣೆಗೆ ಅದು ಅವಶ್ಯ. ಆದರೆ ಅತ್ತ ಹೋಗಲು ಬಾಗಿಲಿಲ್ಲದೆ, ಇತ್ತ ನಿಲ್ಲಲು ನೆಲವಿಲ್ಲದೆ ತ್ರಿಶಂಕುವಾದ ಹುಡುಗನ ಮನಸ್ಸಿನ ಪಾಡೇನು? ಅವನ ಓದಿಗಾಗಿ ಹೊಲವನ್ನು ಅಡವಿಟ್ಟ ತಂದೆಯ ಮುಖವನ್ನು ಅವನು ದಿನವೂ ನೋಡಬೇಕಾಗಿತ್ತು. ಕಡೆಗೆ ಸುಪ್ರೀಂ ಕೋರ್ಟಿನವರು 2022ರ ಏಪ್ರಿಲಿನಲ್ಲಿ ಇಂತಹವರ ಪ್ರಾಯೋಗಿಕ ಶಿಕ್ಷಣಕ್ಕೆ ಒಂದು ದಾರಿಯನ್ನು ಮಾಡಿರೆಂದು ಆಯೋಗಕ್ಕೆ ಆಜ್ಞಾಪಿಸಿದರು. ಆ ಮೇಲೆ, ಓದು ಮುಗಿಸಿದವರು ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಒಂದು ವರ್ಷದ ಬದಲಾಗಿ ಎರಡು ವರ್ಷ ಆಸ್ಪತ್ರೆಯಲ್ಲಿ ಇಂಟರ್ನಿಗಳಾಗಿ ದುಡಿಯಬೇಕೆಂಬ ಏರ್ಪಾಡಾಯಿತು.

ಯುಕ್ರೇನಿನ ಕಥೆಯನ್ನು ಕನ್ನಡಿಗರು ಮರೆಯಲಾರರು. 2022ರ ಫೆಬ್ರವರಿ 24ರಂದು ಅಲ್ಲಿ ಯುದ್ಧವು ಹೊತ್ತಿಕೊಂಡಾಗ ಸಾವಿರಾರು ಮಂದಿ ಭಾರತೀಯ ವೈದ್ಯ ವಿದ್ಯಾರ್ಥಿಗಳು ಆ ದೇಶದಲ್ಲಿದ್ದರು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ನಮ್ಮ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬನು ಮಡಿದನು. ಆ ತಂದೆತಾಯಿಗಳು ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು. ತಮ್ಮ ಮಗನಿಗೆ ಪೂರ್ತಿಯಾಗದ ವಿದ್ಯೆಯು ಇತರರ ಮಕ್ಕಳಿಗಾದರೂ ಪೂರ್ತಿಯಾಗಲೆಂಬ ಈ ತ್ಯಾಗದ ಮುಂದೆ ನಾವು ತಲೆ ಬಾಗುತ್ತೇವೆ. ವೈದ್ಯವಿದ್ಯೆಗೆ ಪ್ರತ್ಯಕ್ಷ ದೇಹವೇ ಮೊದಲ ಗುರುವೆಂಬುದನ್ನು ಅವರು ಯಾವ ವಾದವೂ ಇಲ್ಲದೆ ಲೋಕಕ್ಕೆ ತೋರಿಸಿಕೊಟ್ಟರು. ಅಲ್ಲಿಂದ ಜೀವ ಉಳಿಸಿಕೊಂಡು ಮರಳಿದವರಲ್ಲಿ ಎಷ್ಟೋ ಮಂದಿ, ಗುಂಡಿನ ಸದ್ದು ಕಿವಿಯಿಂದ ಹೋಗುವ ಮೊದಲೇ, ಅದೇ ತೆರೆಯ ಮುಂದೆ ಕುಳಿತು ಅದೇ ದೇಶದ ಅಧ್ಯಾಪಕರ ಪಾಠವನ್ನು ಕೇಳಬೇಕಾಯಿತು.

ವೈದ್ಯ ವಿದ್ಯಾರ್ಥಿಗಳ ಮನೋವ್ಯಥೆಗೆಲ್ಲ ತೆರೆಯೇ ಕಾರಣವೆಂದು ನಾವು ಹೇಳುತ್ತಿಲ್ಲ. ಲೋಕದ ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ಒಂದು ಲೆಕ್ಕದ ಪ್ರಕಾರ, ವೈದ್ಯ ವಿದ್ಯಾರ್ಥಿಗಳಲ್ಲಿ ನೂರಕ್ಕೆ 27 ಮಂದಿಯಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳು ಕಂಡುಬಂದಿದ್ದುವು. ಹಾಗೆ ಕಂಡುಬಂದವರಲ್ಲಿ ಚಿಕಿತ್ಸೆಯನ್ನು ಕೇಳಿದವರು ನೂರಕ್ಕೆ 16 ಮಂದಿ ಮಾತ್ರ. ಅಂದರೆ ಗಾಯವು ಮೊದಲೇ ಇತ್ತು. ಏಕಾಂತವು ಅದರ ಮೇಲೆ ಉಪ್ಪು ಸವರಿತು. ನಮ್ಮ ದೇಶದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದವರು ನೇಮಿಸಿದ ಕಾರ್ಯಪಡೆಯು 2024ರಲ್ಲಿ ವರದಿಯೊಪ್ಪಿಸಿತು. ಅದಕ್ಕೆ ಉತ್ತರ ಕೊಟ್ಟ 25,590 ಮಂದಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಲ್ಲಿ ನೂರಕ್ಕೆ 27.8 ಮಂದಿ ತಮಗೆ ಮಾನಸಿಕ ತೊಂದರೆ ಉಂಟೆಂದು ತಾವೇ ಹೇಳಿಕೊಂಡರು, ನೂರಕ್ಕೆ 16.2 ಮಂದಿ ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದುದುಂಟೆಂದರು. ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಅಂತಹ ಯೋಚನೆಯನ್ನು ಒಪ್ಪಿಕೊಂಡವರು ನೂರಕ್ಕೆ 31.2. ನಾಳೆ ನಮ್ಮ ನಾಡಿಯನ್ನು ಹಿಡಿಯತಕ್ಕ ಮೂರು ಕೈಗಳಲ್ಲಿ ಒಂದು ಕೈ ಇಂದು ತನ್ನ ಜೀವದ ಮೇಲೆಯೇ ಬೇಸರಗೊಂಡಿದೆಯೆಂದರೆ ದೇಶವು ನಿಶ್ಚಿಂತೆಯಿಂದ ನಿದ್ರಿಸಬಹುದೆ?

ಇವರು ನೆರವನ್ನು ಏಕೆ ಕೇಳುವುದಿಲ್ಲ? ನಾಚಿಕೆ ಒಂದು, ಭಯ ಇನ್ನೊಂದು. ಪರರಿಗೆ ಔಷಧ ಕೊಡಬೇಕಾದವನೇ ರೋಗಿಯಾದನೆಂಬ ಅಪಹಾಸ್ಯದ ನಾಚಿಕೆ. ಇಂದು ಮನಸ್ಸಿನ ದುಃಖವನ್ನು ತೋಡಿಕೊಂಡರೆ ನಾಳೆ ಅದೇ ಅಧ್ಯಾಪಕರು ಪರೀಕ್ಷೆಯ ಮೇಜಿನಾಚೆ ಕುಳಿತಿರುವರೆಂಬ ಭಯ. ಕಾನೂನು ಈ ಮಕ್ಕಳ ಪಕ್ಷದಲ್ಲಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಚಿಕಿತ್ಸೆಯ ವಿವರಗಳನ್ನು ಗುಟ್ಟಾಗಿಡುವುದು ರೋಗಿಯ ಹಕ್ಕೆಂದು ಸಾರಿದೆ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನನ್ನು ಅಪರಾಧಿಯೆಂದು ನೋಡದೆ, ತೀವ್ರ ವ್ಯಥೆಗೆ ಒಳಗಾದವನೆಂದು ಭಾವಿಸಿ ಆರೈಕೆ ಮಾಡಬೇಕೆಂದೂ ವಿಧಿಸಿದೆ. ಕಾನೂನಿನ ಈ ದಯೆಯು ಕಾಲೇಜಿನ ಹೊಸ್ತಿಲನ್ನು ಇನ್ನೂ ಪೂರ್ತಿಯಾಗಿ ದಾಟಿಲ್ಲ.

ಈಗ ಕಾಲೇಜುಗಳು ತೆರೆದಿವೆ, ವಾರ್ಡುಗಳು ತುಂಬಿವೆ. ಆದರೆ ಹೋದದ್ದೆಲ್ಲವೂ ಮರಳಿ ಬಂದಿದೆಯೆ ಎಂದು ನಾವು ಕೇಳುತ್ತೇವೆ. ಉಪನ್ಯಾಸವನ್ನು ತೆರೆಯಲ್ಲಿ ಮುಗಿಸುವುದರಲ್ಲಿ ಮಿತವ್ಯಯವುಂಟು. ಆಡಳಿತದವರಿಗೆ ಅದು ಪ್ರಿಯವಾದರೆ ಆಶ್ಚರ್ಯವಿಲ್ಲ. 2014ಕ್ಕೆ ಮೊದಲು 51,348 ಇದ್ದ ಎಂ.ಬಿ.ಬಿ.ಎಸ್. ಸ್ಥಾನಗಳು ದೇಶದಲ್ಲಿ ಈಗ ಒಂದು ಲಕ್ಷವನ್ನು ಮೀರಿವೆ. ನಮ್ಮ ಮಕ್ಕಳು ವಿದ್ಯೆಗಾಗಿ ಪರದೇಶದ ಮರ್ಜಿಯನ್ನು ಕಾಯುವುದು ತಪ್ಪಬೇಕಾದರೆ ಸ್ಥಾನಗಳು ಹೆಚ್ಚಲೇಬೇಕು. ಇದು ಸ್ವದೇಶಾಭಿಮಾನಿಗಳೆಲ್ಲರಿಗೂ ಸಮ್ಮತ. ಆದರೆ ಸ್ಥಾನಗಳು ಇಮ್ಮಡಿಯಾದಂತೆ ಮಕ್ಕಳ ಮುಖವನ್ನು ಬಲ್ಲ ಗುರುಗಳೂ ಇಮ್ಮಡಿಯಾಗಬೇಡವೆ? ಗುರುವಿನ ಕೊರತೆಯನ್ನು ತೆರೆಯಿಂದ ತುಂಬುವ ಯೋಚನೆ ಯಾರಿಗಾದರೂ ಇದ್ದರೆ, 2020ರ ಅನುಭವವು ಅವರಿಗೆ ಸಾಕಷ್ಟು ಉತ್ತರವನ್ನು ಹೇಳಿದೆ.

ಆದುದರಿಂದ ಸರಕಾರದವರ, ಆಯೋಗದವರ ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದವರ ಗಮನಕ್ಕೆ ಕೆಲವು ಮಾತುಗಳನ್ನು ತರುತ್ತೇವೆ.

ಮೊದಲನೆಯದು: ತೆರೆಯ ಪಾಠವು ಉಪನ್ಯಾಸಕ್ಕೆ ಸಹಾಯಕವಾಗಿ ಇರಲಿ, ವಾರ್ಡಿನ ಗಂಟೆಗೆ ಬದಲಾಗಿ ಅದನ್ನು ಒಂದು ನಿಮಿಷದಷ್ಟೂ ಲೆಕ್ಕಕ್ಕೆ ಹಿಡಿಯಕೂಡದು. ಎರಡನೆಯದು: ಪ್ರತಿಯೊಬ್ಬ ಅಧ್ಯಾಪಕರಿಗೂ ಕೈಬೆರಳಲ್ಲಿ ಎಣಿಸುವಷ್ಟೇ ವಿದ್ಯಾರ್ಥಿಗಳನ್ನು ಒಪ್ಪಿಸಿ, ಅವರನ್ನು ವಾರಕ್ಕೊಮ್ಮೆ ಎದುರೆದುರು ಕಂಡು ಕ್ಷೇಮವನ್ನು ವಿಚಾರಿಸುವುದನ್ನು ಅಧ್ಯಾಪಕರ ಕರ್ತವ್ಯದ ವೇಳೆಯಲ್ಲಿಯೇ ಸೇರಿಸಬೇಕು, ಬಿಡುವಿದ್ದಾಗ ಮಾಡುವ ಪರೋಪಕಾರವೆಂದು ಅದನ್ನು ಬಿಟ್ಟರೆ ಅದು ನಡೆಯಲಾರದು. ಮೂರನೆಯದು: ಮನಸ್ಸಿನ ಸಲಹೆ ಕೊಡುವವರು ಅಂಕ ಕೊಡುವವರ ಅಧೀನದಲ್ಲಿರಬಾರದು, ಅವರ ಕೋಣೆಗೆ ಹೋಗುವ ದಾರಿಯೂ ಪ್ರಾಂಶುಪಾಲರ ಕಚೇರಿಯ ಮುಂದೆ ಹಾಯಬಾರದು. ಹಳ್ಳಿಯಿಂದ ಬಂದ ಮಗುವಿಗೆ ತನ್ನ ದುಃಖವನ್ನು ಇಂಗ್ಲಿಷಿನಲ್ಲಿ ತರ್ಜುಮೆ ಮಾಡುವ ಶಿಕ್ಷೆ ಬೇಡ. ಅಲ್ಲಿ ಕನ್ನಡವನ್ನು ಬಲ್ಲವರಿರಲಿ, ಹೊರನಾಡಿನಿಂದ ಬಂದವರ ಮಾತನ್ನು ಬಲ್ಲವರೂ ಇರಲಿ.

ನಾಲ್ಕನೆಯದು ದುಡಿಮೆಯ ಮಾತು. ತೆರೆಯ ಮುಂದೆ ಕಲಿತ ತಂಡಗಳೇ ಇಂದು ಆಸ್ಪತ್ರೆಗಳಲ್ಲಿ ಹಗಲಿರುಳು ದುಡಿಯುತ್ತಿವೆ. ರೆಸಿಡೆಂಟ್ ಡಾಕ್ಟರುಗಳ ಕೆಲಸವು ಸಾಮಾನ್ಯವಾಗಿ ವಾರಕ್ಕೆ 48 ಗಂಟೆ ಮೀರಬಾರದೆಂದು 1992ರಲ್ಲಿಯೇ ಕೇಂದ್ರ ಸರಕಾರದವರು ಗೊತ್ತುಮಾಡಿದ್ದರು. 2024ರ ಕಾರ್ಯಪಡೆಯು, ಅದು 74 ಗಂಟೆಯನ್ನಾದರೂ ಮೀರದಿರಲಿ, ವಾರಕ್ಕೊಂದು ದಿನ ಬಿಡುವಿರಲಿ ಎಂದು ಬೇಡಿಕೊಳ್ಳಬೇಕಾಗಿ ಬಂದಿದೆ. ಮೂವತ್ತೆರಡು ವರ್ಷಗಳಲ್ಲಿ ನಾವು ಯಾವ ದಿಕ್ಕಿಗೆ ನಡೆದೆವೆಂಬುದನ್ನು ಈ ಎರಡು ಅಂಕೆಗಳೇ ಹೇಳುತ್ತವೆ. ಐದನೆಯದು: ಈ ಕಾರ್ಯಪಡೆಯ ವಿಚಾರಣೆಯು ವೈದ್ಯ ವಿದ್ಯಾರ್ಥಿಗಳಿಗೆ ಸೀಮಿತವಾಗಿತ್ತು. ರೋಗಿಯ ಹಾಸಿಗೆಯ ಬಳಿ ಡಾಕ್ಟರಿಗಿಂತ ಹೆಚ್ಚು ಹೊತ್ತು ನಿಲ್ಲತಕ್ಕ ನರ್ಸಿಂಗ್ ವಿದ್ಯಾರ್ಥಿನಿಯರನ್ನೂ, ಪ್ರಯೋಗಶಾಲೆಯ, ಕ್ಷ-ಕಿರಣದ, ಅಂಗಮರ್ದನ ಚಿಕಿತ್ಸೆಯ ವಿದ್ಯಾರ್ಥಿಗಳನ್ನೂ ಇಷ್ಟೇ ಕಾಳಜಿಯಿಂದ ಕೇಳತಕ್ಕದ್ದು. ದೇಶದ ಎಲ್ಲ ಬಗೆಯ ವಿದ್ಯಾರ್ಥಿಗಳ ಮನಸ್ವಾಸ್ಥ್ಯವನ್ನು ವಿಚಾರಿಸಲು ಸುಪ್ರೀಂ ಕೋರ್ಟಿನವರು 2025ರ ಮಾರ್ಚಿನಲ್ಲಿ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ಒಂದು ಕಾರ್ಯಪಡೆಯನ್ನು ನೇಮಿಸಿದರು. ನಮ್ಮ ನಾಡಿನ ಕಾಲೇಜುಗಳು ದೆಹಲಿಯಿಂದ ಆಜ್ಞೆ ಬರುವವರೆಗೆ ಕಾಯಬೇಕಾಗಿಲ್ಲ.

ಯಂತ್ರವನ್ನು ಸದುಪಯೋಗಪಡಿಸುವ ದಾರಿಯನ್ನು ನಮ್ಮ ನಾಡೇ ತೋರಿಸಿಕೊಟ್ಟಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸೇವೆಗೆ ನಿಮ್ಹಾನ್ಸ್ ಸಂಸ್ಥೆಯೇ ಮೂಲಸ್ಥಾನ. 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲಾಗಲಿ ಇರುಳಾಗಲಿ, ಕನ್ನಡದಲ್ಲಿಯೇ, ಹಣವಿಲ್ಲದೆ ಸಲಹೆ ದೊರೆಯುತ್ತದೆ. ಇಲ್ಲಿ ತಂತಿಯ ಆಚೆಯ ತುದಿಯಲ್ಲಿ ಕೇಳುವ ಒಬ್ಬ ಮನುಷ್ಯನಿದ್ದಾನೆ. ಅದರಿಂದಲೇ ಈ ಯಂತ್ರವು ಮನಸ್ಸಿಗೆ ಹಿತವಾಗಿದೆ. ಪ್ರತಿಯೊಂದು ಹಾಸ್ಟೆಲಿನ ಗೋಡೆಯ ಮೇಲೂ ಈ ಸಂಖ್ಯೆಯು ದಪ್ಪಕ್ಷರದಲ್ಲಿ ಕಾಣುವಂತಿರಲಿ. ಮನಸ್ಸು ತುಂಬ ನೊಂದಿರುವ ವಿದ್ಯಾರ್ಥಿಯೊಬ್ಬನು ಇದನ್ನು ಓದುತ್ತಿದ್ದರೆ, ಈ ರಾತ್ರಿಯೇ ಆ ಸಂಖ್ಯೆಗೆ ಮಾತನಾಡಬೇಕೆಂದು ನಾವು ಅವನನ್ನು ಪ್ರೀತಿಯಿಂದ ಕೇಳಿಕೊಳ್ಳುತ್ತೇವೆ.

ತಂದೆತಾಯಿಗಳಿಗೂ ಒಂದು ಮಾತು. ಮಗನು ಡಾಕ್ಟರಾಗುವನೆಂದು ಊರಿಗೆಲ್ಲ ಸಾರುವ ಮೊದಲು, ನಿದ್ರೆ ಬರುತ್ತದೆಯೆ, ಊಟ ಸೇರುತ್ತದೆಯೆ, ಜತೆಗಾರರು ಇದ್ದಾರೆಯೆ ಎಂದು ಅವನನ್ನು ಕೇಳಿರಿ. ಒಂದು ವರ್ಷ ತಡವಾದರೆ ಕುಲಕ್ಕೆ ಕಳಂಕವಿಲ್ಲ. ಮಗಳು ಓದನ್ನು ಬಿಟ್ಟು ಮನೆಗೆ ಬರುತ್ತೇನೆಂದರೆ ಮೊದಲು ಮನೆಗೆ ಬರಮಾಡಿಕೊಳ್ಳಿರಿ, ವಿಚಾರ ಆಮೇಲೆ.

ಇಂತಹ ವ್ಯಾಧಿಯು ಪುನಃ ಬಾರದೆಂದು ಯಾರೂ ಭರವಸೆ ಕೊಡಲಾರರು. ಬಂದಾಗ ಬಾಗಿಲುಗಳು ಪುನಃ ಮುಚ್ಚಬಹುದು, ಪಾಠವು ಪುನಃ ತೆರೆಗೆ ಇಳಿಯಬಹುದು. ಆ ದಿನ ಯಾವ ವಿದ್ಯಾರ್ಥಿಯ ಕ್ಷೇಮವನ್ನು ಯಾವ ಗುರು ವಿಚಾರಿಸತಕ್ಕದ್ದೆಂಬ ಪಟ್ಟಿಯು ಪ್ರತಿಯೊಂದು ಕಾಲೇಜಿನಲ್ಲಿಯೂ ಮೊದಲೇ ಸಿದ್ಧವಾಗಿರಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಒಂದು ಹಾಳೆ ಕಾಗದವೂ ಮನುಷ್ಯರ ಮನಸ್ಸೂ ಸಾಕು. ಮುಂದಿನ ತಂಡವು ಸೇರುವ ಮೊದಲು ಆ ಪಟ್ಟಿಯನ್ನು ಬರೆಯುವ ಕೆಲಸವು ನಮ್ಮ ನಾಡಿನ ಎಲ್ಲ ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳಲ್ಲಿ ಮುಗಿಯಲಿ.